ಲುಕ್ಲಾಗೆ ಬರುವವರು ಮೊದಲು ಕಾಣಬೇಕಾದ್ದು ವಾರ್ಡ್ ಕಚೇರಿ

ನೇಪಾಳದಲ್ಲಿ ಎವರೆಸ್ಟ್ ದಾರಿಯಲ್ಲಿರುವ ಲುಕ್ಲಾದ ಲಾಡ್ಜೊಂದರಲ್ಲಿ ಕೆಲಸ ಸಿಕ್ಕಿದೆ, ಹೆಂಡತಿಯನ್ನೂ ಕರೆತರುತ್ತೀನಿ, ಕಾಗದಪತ್ರಕ್ಕೆ ಯಾರನ್ನು ಹಿಡಿಯಬೇಕು, ಜನ ಹೇಗೆ ಎಂದು ಕೇಳಿದ್ದೀರಿ. ಭಾರತೀಯರಿಗೆ ವೀಸಾ ಬೇಕಿಲ್ಲ ಎಂಬುದೊಂದನ್ನೇ ನಂಬಿ ಬಂದವರು ಆಮೇಲೆ ಒಂದೊಂದು ಕಾಗದಕ್ಕೂ ಅಲೆಯುತ್ತಾರೆ. ಹಾಗಾಗಬಾರದು.

ಲುಕ್ಲಾ ಸೋಲುಖುಂಬು ಜಿಲ್ಲೆಯ ಖುಂಬು ಪಾಸಾಂಗ್ ಲಾಮು ಗಾಂವ್‌ಪಾಲಿಕೆಗೆ, ಅಂದರೆ ಗ್ರಾಮ ಮಟ್ಟದ ಸ್ಥಳೀಯ ಸರ್ಕಾರಕ್ಕೆ, ಸೇರಿದೆ. 1993ರಲ್ಲಿ ಎವರೆಸ್ಟ್ ಏರಿದ ಮೊದಲ ನೇಪಾಳಿ ಮಹಿಳೆ, ಇಳಿಯುವಾಗ ಪ್ರಾಣ ಬಿಟ್ಟ ಪಾಸಾಂಗ್ ಲಾಮು ಶೇರ್ಪಾ ಅವರ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. 2015ರ ಸಂವಿಧಾನದ ಮೇರೆಗೆ ದೇಶದಲ್ಲಿ ಆದ 753 ಸ್ಥಳೀಯ ಸರ್ಕಾರಗಳಲ್ಲಿ 460 ಇಂಥ ಗಾಂವ್‌ಪಾಲಿಕೆಗಳು. ನಮ್ಮ ಗ್ರಾಮ ಪಂಚಾಯಿತಿಯ ಅಳತೆಯಲ್ಲಿ ಇದನ್ನು ನೋಡಬೇಡಿ. ಇದು ತನ್ನದೇ ಕಾನೂನು ಮಾಡುತ್ತದೆ, ತೆರಿಗೆ ಹಾಕುತ್ತದೆ, ಶಾಲೆ ನಡೆಸುತ್ತದೆ. ಉಪಾಧ್ಯಕ್ಷರ ಕೈಕೆಳಗೆ ಮೂವರ ನ್ಯಾಯಿಕ ಸಮಿತಿ ಇದೆ. ಕೂಲಿ ಕೊಡದಿದ್ದರೆ, ಮನೆಬಾಡಿಗೆ ತಕರಾರಾದರೆ ಅಲ್ಲೇ ಅರ್ಜಿ ಹಾಕಬಹುದು. ಕೆಲಸಕ್ಕೆ ಬರುವ ನಿಮ್ಮಂಥವರು ಇದನ್ನು ತಿಳಿದಿರಲೇಬೇಕು, ಏಕೆಂದರೆ ಜಿಲ್ಲಾ ಕೇಂದ್ರ ಸಲ್ಲೇರಿ ಹತ್ತಿರವಿಲ್ಲ.

ದಿನಬಳಕೆಯ ಕೆಲಸವೆಲ್ಲ ಶುರುವಾಗುವುದು ವಾರ್ಡ್ ಕಚೇರಿಯಲ್ಲಿ. ಅಲ್ಲಿ ಒಬ್ಬ ವಾರ್ಡ್ ಅಧ್ಯಕ್ಷ, ನಾಲ್ವರು ಸದಸ್ಯರು. ಆ ನಾಲ್ವರಲ್ಲಿ ಇಬ್ಬರು ಮಹಿಳೆಯರು, ಆ ಇಬ್ಬರಲ್ಲಿ ಒಬ್ಬರು ದಲಿತ ಮಹಿಳೆ. ಬೇರೆ ಕಚೇರಿಗಳಿಗೆ ಬೇಕಾಗುವ 'ಸಿಫಾರಿಸ್' (ಶಿಫಾರಸು) ಪತ್ರ ಕೊಡುವುದು ಇವರೇ. ಪಾಸ್‌ಪೋರ್ಟ್ ಪ್ರತಿ, ಫೋಟೋ, ಬಾಡಿಗೆ ಕರಾರು ಹಿಡಿದು ಹೋಗಿ. ನಿವೇದನೆ, ಅಂದರೆ ಅರ್ಜಿ, ದೇವನಾಗರಿಯಲ್ಲಿರಲಿ. ಕೊಟ್ಟ ಮೇಲೆ ದರ್ತಾ (ಅರ್ಜಿ ದಾಖಲಾದ) ಸಂಖ್ಯೆ ಬರೆಸಿಕೊಳ್ಳಿ. ಪತ್ರ ಕೈಗೆ ಬಂದಾಗ ಚಲಾನಿ (ಕಚೇರಿಯಿಂದ ಪತ್ರ ಹೊರಟ) ಸಂಖ್ಯೆ, ತಾರೀಕು, ಮೊಹರು ಮೂರೂ ಇವೆಯೇ ನೋಡಿ. ಚಲಾನಿ ಸಂಖ್ಯೆ ಇಲ್ಲದ ಪತ್ರವನ್ನು ಮುಂದಿನ ಕಚೇರಿ ವಾಪಸ್ ಕಳಿಸುತ್ತದೆ.

ನಮ್ಮವರು ಎಡವುವುದು ಹೆಸರಿನಲ್ಲಿ. ಇಲ್ಲಿನ ಫಾರಂಗಳು ತಂದೆ, ಅಜ್ಜನ ಹೆಸರನ್ನೂ ಕೇಳುತ್ತವೆ. ಪಾಸಾಂಗ್, ಪೆಂಬಾ, ನಿಮಾ ಎಂದು ಹುಟ್ಟಿದ ವಾರದ ಹೆಸರಿಡುವ ಶೇರ್ಪಾ ಊರಲ್ಲಿ ಒಬ್ಬರನ್ನೊಬ್ಬರಿಂದ ಬೇರೆ ಮಾಡಲು ಅದು ಬೇಕೇ ಬೇಕು. ನಮ್ಮದೋ ಊರಿನದೊಂದು ಇನಿಷಿಯಲ್, ಅಪ್ಪನದೊಂದು. ಗುಮಾಸ್ತರು ಅದನ್ನೇ ಮನೆತನದ ಹೆಸರೆಂದು ಬರೆದರೆ ಆಮೇಲೆ ಒಂದು ದಾಖಲೆಗೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ. ಪಾಸ್‌ಪೋರ್ಟಿನಲ್ಲಿರುವ ಪೂರ್ತಿ ಹೆಸರನ್ನು ದೇವನಾಗರಿಯಲ್ಲಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಪ್ರತಿ ಸಲವೂ ಅದನ್ನೇ ಕೊಡಿ. ಇಲ್ಲಿನ ತಾರೀಕು ವಿಕ್ರಮ ಸಂವತ್ ಪಂಚಾಂಗದ್ದು. ಪಕ್ಕದಲ್ಲಿ ಇಂಗ್ಲಿಷ್ ತಾರೀಕನ್ನೂ ಬರೆಸಿ.

ಮುಂದೆ ಮಗು ಇಲ್ಲೇ ಹುಟ್ಟಿದರೆ 35 ದಿನದೊಳಗೆ ವಾರ್ಡಿನಲ್ಲಿ ತಿಳಿಸಿ. ಅಷ್ಟಕ್ಕೇ ಸುಮ್ಮನಾಗಬೇಡಿ. ಭಾರತದ ಪೌರತ್ವಕ್ಕಾಗಿ ಒಂದು ವರ್ಷದೊಳಗೆ ಕಠ್ಮಂಡುವಿನ ನಮ್ಮ ರಾಯಭಾರ ಕಚೇರಿಯಲ್ಲೂ ನೋಂದಾಯಿಸಬೇಕು.

ಬಾಡಿಗೆಗೆ ಪಾಲಿಕೆಯ ತೆರಿಗೆ ಉಂಟು. ಮಾಲೀಕರು ಕಟ್ಟುತ್ತಾರೋ ನೀವೋ ಎಂಬುದನ್ನು ಕರಾರಿನಲ್ಲೇ ಬರೆಸಿಬಿಡಿ.

ಜನ ಒಳ್ಳೆಯವರು, ಆದರೆ ಕಾಡು-ಕಸದ ವಿಷಯದಲ್ಲಿ ರಾಜಿಯಿಲ್ಲ. ಮೇಲಿನ ಮೊಂಜೊ ಊರು ದಾಟಿದರೆ 1976ರಲ್ಲಿ ಆದ ಸಾಗರಮಾಥಾ ರಾಷ್ಟ್ರೀಯ ಉದ್ಯಾನ. ಸೌದೆಗೆಂದು ಹಸಿ ಮರ ಮುಟ್ಟುವಂತಿಲ್ಲ. ಗಾಜಿನ ಬಾಟಲಿಯ ಪಾನೀಯಗಳನ್ನು ಈ ಖುಂಬು ಪ್ರದೇಶದವರು 1998ರಲ್ಲೇ ನಿಷೇಧಿಸಿದ್ದಾರೆ. ಲಾಡ್ಜಿನ ಸಾಮಾನು ತರಿಸುವಾಗ ಇದು ನೆನಪಿರಲಿ. ಶೇರ್ಪಾಗಳಲ್ಲದೆ ರಾಯಿ, ತಾಮಾಂಗ್, ಮಗರ್ ಜನರೂ ಕೆಳಗಿನ ಊರುಗಳಿಂದ ದುಡಿಯಲು ಬರುತ್ತಾರೆ. ಹಿರಿಯರನ್ನು ದಾಯ್ (ಅಣ್ಣ), ದೀದಿ (ಅಕ್ಕ) ಎನ್ನಿ. ಚುನಾಯಿತರನ್ನು 'ಅಧ್ಯಕ್ಷಜ್ಯೂ' ಎನ್ನಿ. ಯಾರ ಮನೆಯಲ್ಲಾದರೂ ಚಹಾ ಕೊಟ್ಟರೆ ಬೇಡವೆನ್ನದೆ ಕುಡಿಯಿರಿ, ಮಾತು ಆಮೇಲೆ.

ಕಚೇರಿಗೆ ಶನಿವಾರ ರಜೆ. ಚಳಿಗಾಲದಲ್ಲಿ ಎಷ್ಟೋ ಕುಟುಂಬಗಳು ಕಠ್ಮಂಡುವಿಗೆ ಇಳಿದುಬಿಡುತ್ತವೆ; ಸಹಿ ಹಾಕುವವರು ಸಿಗುವುದೇ ಕಷ್ಟ. ಕಾಗದದ ಕೆಲಸವನ್ನೆಲ್ಲ ಅದಕ್ಕೆ ಮುಂಚೆ ಮುಗಿಸಿ. ರಾಯಭಾರ ಕಚೇರಿಗೆ ಹೋಗುವಾಗ ಹೆಚ್ಚಿಗೆ ಎರಡು ಮೂರು ದಿನ ಇಟ್ಟುಕೊಳ್ಳಿ, ಏಕೆಂದರೆ ಲುಕ್ಲಾದ 527 ಮೀಟರ್ ರನ್‌ವೇಯಲ್ಲಿ ವಿಮಾನ ಓಡಾಡುವುದು ಹೆಚ್ಚಾಗಿ ಬೆಳಿಗ್ಗೆಯೇ, ಮೋಡ ಕವಿದರೆ ಅದೂ ಇಲ್ಲ. ಸೀಸನ್ನಿನಲ್ಲಿ ವಿಮಾನಗಳು ಕಠ್ಮಂಡುವಿನ ಬದಲು ರಾಮೇಛಾಪಿನ ಮಂಥಲಿಗೆ ಹಾರುತ್ತವೆ. ಅಲ್ಲಿಂದ ಮುಂದೆ ಗಂಟೆಗಟ್ಟಲೆ ಜೀಪಿನ ದಾರಿ.