ಪೆನ್ಸಿಲ್ ಕಂಡರೆ ಅಳು

ಪ್ರಶ್ನೆ: ನಾಲ್ಕೂವರೆ ವರ್ಷದ ಮಗಳಿಗೆ ಎಲ್‌ಕೆಜಿಯಲ್ಲಿ ದಿನಾ ಎರಡು ಪುಟ ಹೋಂವರ್ಕ್. ಪೆನ್ಸಿಲ್ ಕಂಡರೆ ಅಳುತ್ತಾಳೆ. ಹಿಂದುಳಿದುಬಿಡುತ್ತಾಳಾ ಮೇಡಂ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಇಲ್ಲಮ್ಮ. ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಗೆ ಕಲಿಸಿದವಳು ನಾನು. ಈ ವಯಸ್ಸಿಗೆ ಮಣಿಕಟ್ಟಿನ ಮೂಳೆಗಳೇ ಪೂರ್ತಿ ಬಲಿತಿರುವುದಿಲ್ಲ; ಕೈ ಬೇಗ ಸೋಲುತ್ತದೆ, ಅದು ಹಟವಲ್ಲ. ಚಪಾತಿ ಹಿಟ್ಟು ನಾದಲಿ, ನಿಮ್ಮ ಜೊತೆ ಕೂತು ಅವರೆಕಾಯಿ ಬಿಡಿಸಲಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಲಿ. ನನ್ನ ತರಗತಿಯ ಒಬ್ಬ ಹುಡುಗ ದಸರೆಯವರೆಗೂ ಸ್ಲೇಟು ಮುಟ್ಟಿರಲಿಲ್ಲ; ಹುಣಸೆಬೀಜದಲ್ಲಿ 'ರ' ಜೋಡಿಸಿದ ದಿನದಿಂದ ಬರೆಯತೊಡಗಿದ. ಆ ಮುಖ ಇನ್ನೂ ಕಣ್ಣಮುಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದ ಮಕ್ಕಳಿಗೆ ಆಟದ ಮೂಲಕ ಕಲಿಕೆ ಎನ್ನುತ್ತದೆ. ಶಿಕ್ಷಕಿಯ ಬಳಿ ಇದನ್ನೇ ಹೇಳಿ, ಬರವಣಿಗೆ ಕಡಿಮೆ ಮಾಡಿಸಿ. ರಾತ್ರಿ ಕತೆ ಹೇಳುವುದನ್ನು ಮಾತ್ರ ಬಿಡಬೇಡಿ.