ಬ್ರೌಸರಿನಲ್ಲಿ ಶ್ರುತಿ ಮತ್ತು ತಾಳ: ಯಾವ ಸಾಧನ ಸೂಕ್ತ?

ಪ್ರಶ್ನೆ: ನಾನು ಕರ್ನಾಟಕ ಸಂಗೀತ ಪಾಠ ಹೇಳಿಕೊಡುತ್ತೇನೆ. ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡುವಾಗ ಮೊಬೈಲಿನಲ್ಲೇ ತಂಬೂರಿ ಶ್ರುತಿಯೂ ಆದಿತಾಳದ ಎಣಿಕೆಯೂ ಕೇಳಿಸುವಂಥ ಒಂದು ವೆಬ್ ಪುಟ ಮಾಡಬೇಕೆಂದಿದ್ದೇನೆ. ಜಾವಾಸ್ಕ್ರಿಪ್ಟ್ ಅಲ್ಪಸ್ವಲ್ಪ ಬರುತ್ತದೆ. ಹೌಲರ್, ಟೋನ್, ಫೌಸ್ಟ್ ಇವುಗಳಲ್ಲಿ ಯಾವುದನ್ನು ಕಲಿಯಲಿ?
– ಸಂಗೀತ ಶಿಕ್ಷಕಿ, ಶಿವಮೊಗ್ಗ

ಉತ್ತರ: ನಿಮ್ಮ ಕೆಲಸಕ್ಕೆ ಟೋನ್, ಅಂದರೆ ಧ್ವನಿ ಹುಟ್ಟಿಸಲೆಂದು ಸಿದ್ಧವಿರುವ ಜಾವಾಸ್ಕ್ರಿಪ್ಟ್ ಲೈಬ್ರರಿ ಟೋನ್.ಜೆಎಸ್ ಸಾಕು. ಬ್ರೌಸರಿನಲ್ಲಿ ಧ್ವನಿ ಹುಟ್ಟಿಸುವ ಮೂಲ ವ್ಯವಸ್ಥೆಯ ಹೆಸರು ವೆಬ್ ಆಡಿಯೊ ಎಪಿಐ. 2021ರಲ್ಲಿ ವರ್ಲ್ಡ್ ವೈಡ್ ವೆಬ್ ಒಕ್ಕೂಟದ ಅಧಿಕೃತ ಶಿಫಾರಸಾದ ಈ ವ್ಯವಸ್ಥೆಯನ್ನೇ ನೀವು ಹೇಳಿದ ಮೂರೂ ಸಾಧನಗಳು ಬ್ರೌಸರಿನಲ್ಲಿ ಆಶ್ರಯಿಸುತ್ತವೆ. ಹೌಲರ್ ಇರುವುದು ಸಿದ್ಧ ಧ್ವನಿಮುದ್ರಣಗಳನ್ನು ನುಡಿಸುವುದಕ್ಕೆ. ಫೌಸ್ಟ್ ಎಂಬುದು ಫ್ರಾನ್ಸಿನ ಲಿಯೋನ್ ನಗರದ ಗ್ರಾಮ್ ಸಂಸ್ಥೆಯಲ್ಲಿ ರೂಪುಗೊಂಡ ಪ್ರತ್ಯೇಕ ಭಾಷೆ. ತಂತಿಯ ಕಂಪನವನ್ನೇ ಗಣಿತದಿಂದ ಕಟ್ಟಬೇಕೆಂಬ ಆಸೆ ಮುಂದೆಂದಾದರೂ ಹುಟ್ಟಿದರೆ ಆಗ ಕಲಿಯಬಹುದು.

ಶ್ರುತಿಯ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. ಟೋನ್.ಜೆಎಸ್‌ಗೆ ಪಾಶ್ಚಾತ್ಯ ಸ್ವರಗಳ ಹೆಸರು ಕೊಟ್ಟರೆ ಅದು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿದ ಹಾರ್ಮೋನಿಯಂ ಸ್ವರಗಳನ್ನೇ ನುಡಿಸುತ್ತದೆ. ಷಡ್ಜ 200 ಹರ್ಟ್ಸ್ ಎಂದಿಟ್ಟುಕೊಂಡರೆ, 5/4 ಅನುಪಾತದ ಅಂತರ ಗಾಂಧಾರ 250 ಹರ್ಟ್ಸ್‌ನಲ್ಲಿ ನಿಲ್ಲಬೇಕು; ಸಮಭಾಗದ ಲೆಕ್ಕದಲ್ಲಿ ಅದು ಸುಮಾರು 252 ಆಗುತ್ತದೆ. ಎಳೆಯ ಕಿವಿಗಳು ದಿನವೂ ಕೇಳುವ ಶ್ರುತಿಯಲ್ಲಿ ಈ ವ್ಯತ್ಯಾಸವನ್ನು ಸಣ್ಣದೆಂದು ಬಿಡಲಾಗದು. ಆದ್ದರಿಂದ ಸ್ವರದ ಹೆಸರಿನ ಬದಲು ಹರ್ಟ್ಸ್ ಸಂಖ್ಯೆಯನ್ನೇ ಕೊಡಿ, ಟೋನ್.ಜೆಎಸ್ ಅದನ್ನೂ ಸ್ವೀಕರಿಸುತ್ತದೆ. ಪಂಚಮಕ್ಕೆ ಷಡ್ಜವನ್ನು 3/2ರಿಂದ ಗುಣಿಸಿದರಾಯಿತು. ಹೀಗೆ ಮಾಡಿದರೆ ಪ್ರತಿ ಮಗುವಿನ ಕಂಠಕ್ಕೆ ಒಗ್ಗುವಂತೆ ಷಡ್ಜವೊಂದನ್ನೇ ಬದಲಾಯಿಸಬಹುದು, ಉಳಿದ ಸ್ವರಗಳು ಅದನ್ನು ಅನುಸರಿಸುತ್ತವೆ.

ನಿಮ್ಮ ಸ್ವಂತ ತಂಬೂರಿಯ ನಾದವನ್ನೇ ಮುದ್ರಿಸಿ ಬಳಸುವುದು ಇನ್ನೂ ಚೆನ್ನ, ಏಕೆಂದರೆ ಜೀವಾಳದಿಂದ (ತಂತಿಯ ಕೆಳಗಿಡುವ ನೂಲಿನೆಳೆಯಿಂದ) ಬರುವ ಝೇಂಕಾರವನ್ನು ಸರಳ ಆಂದೋಲಕಗಳಿಂದ (ಆಸಿಲೇಟರುಗಳಿಂದ) ಹೊರಡಿಸುವುದು ಕಷ್ಟ. ಆದರೆ ಆ ಮುದ್ರಣವನ್ನು ಎಂಪಿ3 ರೂಪದಲ್ಲಿ ಇಡಬೇಡಿ; ಆ ಸಂಕೋಚನ ಕ್ರಮವು ಕಡತದ ತುದಿಗಳಲ್ಲಿ ಚೂರು ಮೌನವನ್ನು ಸೇರಿಸುವುದರಿಂದ ಪುನರಾವರ್ತನೆಯಾದಾಗಲೆಲ್ಲ ಶ್ರುತಿ ಕಡಿದಂತೆ ಕೇಳಿಸಬಹುದು. ವೇವ್ ಕಡತ ದೊಡ್ಡದಾದರೂ ಈ ತೊಂದರೆ ಅದಕ್ಕಿಲ್ಲ.

ತಾಳಕ್ಕೆ, ನಿಗದಿತ ಅಂತರದಲ್ಲಿ ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಜಾವಾಸ್ಕ್ರಿಪ್ಟಿನ ಸೆಟ್‌ಇಂಟರ್‌ವಲ್ ಬಳಸುವ ಪಾಠಗಳು ಅಂತರ್ಜಾಲದಲ್ಲಿ ಸಾಕಷ್ಟಿವೆ, ಅವನ್ನು ಅನುಸರಿಸಬೇಡಿ. ಪುಟಕ್ಕೆ ಬೇರೆ ಕೆಲಸ ಬಿದ್ದಾಗ ಅದು ತಡವಾಗುತ್ತದೆ, ಆದಿತಾಳದ ಅಂಗಗಳಾದ ಲಘುವಿನ ನಾಲ್ಕು ಎಣಿಕೆಗಳೂ ಎರಡು ದ್ರುತಗಳೂ ಸಮ ಅಂತರದಲ್ಲಿ ಬೀಳುವುದಿಲ್ಲ. ಟೋನ್.ಜೆಎಸ್‌ನ ಟ್ರಾನ್ಸ್‌ಪೋರ್ಟ್ ಪ್ರತಿಯೊಂದು ಪೆಟ್ಟನ್ನೂ ಧ್ವನಿ ವ್ಯವಸ್ಥೆಯ ಗಡಿಯಾರಕ್ಕೆ ಹೊಂದಿಸಿ ಕೊಂಚ ಮುಂಚಿತವಾಗಿಯೇ ನಿಗದಿಪಡಿಸುತ್ತದೆ. ಅದು ನೀವು ಬರೆದ ಫಂಕ್ಷನ್‌ಗೆ ಒದಗಿಸುವ ಸಮಯವನ್ನೇ ಪೆಟ್ಟಿನ ಆರಂಭಕ್ಕೆ ಬಳಸಿ.

ಬಳಕೆದಾರರು ಮುಟ್ಟುವ ಮೊದಲೇ ಪುಟ ತಾನಾಗಿ ಸದ್ದು ಮಾಡುವುದನ್ನು ಬ್ರೌಸರುಗಳು ತಡೆಯುತ್ತವೆ. ಹಾಗಾಗಿ ‘ಶ್ರುತಿ ಆರಂಭಿಸಿ’ ಎಂಬ ಗುಂಡಿಯೊಂದನ್ನು ಇಟ್ಟು, ಅದನ್ನು ಒತ್ತಿದಾಗಲೇ ಧ್ವನಿಯನ್ನು ಚಾಲೂ ಮಾಡುವ ಟೋನ್.ಸ್ಟಾರ್ಟ್ ಕರೆಯುವಂತೆ ಬರೆಯಿರಿ.