ಅಟ್ಟದ ಮೇಲಿನ ಕತ್ತಿ ಯಾವ ನಾಡಿನದು?

ಪ್ರಶ್ನೆ: ಸೇನೆಯಲ್ಲಿದ್ದ ನಮ್ಮ ಅಜ್ಜ ತಂದಿದ್ದ ಕತ್ತಿಯೊಂದು ಅಟ್ಟದಲ್ಲಿ ಸಿಕ್ಕಿದೆ. ಅದರ ಅಲಗು ಹಿಡಿಯ ಬಳಿ ಕಿರಿದಾಗಿದ್ದು, ತುದಿಯತ್ತ ಅಗಲವಾಗುತ್ತ ಹೋಗಿ ಮೊಂಡಾಗಿ ಮುಗಿಯುತ್ತದೆ. ಮರದ ಒರೆಯ ಒಂದು ಬದಿ ಪೂರ್ತಿ ತೆರೆದಿದೆ. ಇದು ನಮ್ಮ ಭಾಗದ ಬೇಡರ ಆಯುಧವೇ?
– ಓದುಗರು, ಸಿಂಧನೂರು

ಉತ್ತರ: ಅಲ್ಲವೆಂದೇ ತೋರುತ್ತದೆ. ನೀವು ವಿವರಿಸಿರುವ ಲಕ್ಷಣಗಳೆಲ್ಲವೂ ಈಶಾನ್ಯ ಭಾರತದ ನಾಗಾ ಬುಡಕಟ್ಟುಗಳ ‘ದಾವ್’ ಎಂಬ ಕತ್ತಿಗೆ ಹೊಂದುತ್ತವೆ. ಖಚಿತಪಡಿಸಿಕೊಳ್ಳಲು ಅಂಚನ್ನು ಗಮನಿಸಿ: ಬಡಗಿಯ ಉಳಿಯಂತೆ ಒಂದೇ ಮಗ್ಗುಲಿಗೆ ಇಳಿಜಾರಾಗಿ ಮಸೆದಿದ್ದರೆ ಅನುಮಾನ ಬಹುಮಟ್ಟಿಗೆ ಪರಿಹಾರವಾಗುತ್ತದೆ. ತೆರೆದ ಒರೆಯೂ ಅಲ್ಲಿನದೇ ರೂಢಿ. ಅದನ್ನು ಸೊಂಟದ ಹಿಂಬದಿಗೆ ಕಟ್ಟಿಕೊಂಡು, ಬೇಕೆಂದಾಗ ಕತ್ತಿಯನ್ನು ಥಟ್ಟನೆ ಸೆಳೆಯುತ್ತಿದ್ದರು. ಕಾಳಗದಲ್ಲಿಯೂ, ಒಂದು ಕಾಲದ ತಲೆಬೇಟೆಯಲ್ಲಿಯೂ (ಶತ್ರುವಿನ ತಲೆ ಕಡಿದು ತರುವ ಪದ್ಧತಿ) ಬಳಕೆಯಾದ ಈ ಆಯುಧ, ನಿತ್ಯದಲ್ಲಿ ಝೂಮ್ ಬೇಸಾಯಕ್ಕಾಗಿ (ಕಾಡು ಕಡಿದು ಸುಟ್ಟು ಮಾಡುವ ಕೃಷಿ) ಕಾಡು ಸವರಲು, ಸೌದೆ ಸೀಳಲು, ಬಿದಿರು ಕಡಿಯಲು ಒದಗುತ್ತಿತ್ತು. ನಮ್ಮ ರೈತರ ಕುಡುಗೋಲು, ಕೊಡಲಿಗಳೆರಡರ ಕೆಲಸವನ್ನೂ ಅದೊಂದೇ ಮಾಡುತ್ತಿತ್ತೆನ್ನಬಹುದು. ಹಿಡಿಗೆ ಕೆಂಪು ಬಣ್ಣದ ಮೇಕೆಗೂದಲು ಅಂಟಿಕೊಂಡಿದ್ದರೆ ಅದು ಕೊಳೆಯಲ್ಲ, ಅಲಂಕಾರ, ದಯವಿಟ್ಟು ಕೀಳಬೇಡಿ. ಅಲಗನ್ನು ಉಪ್ಪುಕಾಗದದಿಂದ ಉಜ್ಜದೆ, ತೆಳುವಾಗಿ ಎಣ್ಣೆ ಸವರಿ ಒಣಬಟ್ಟೆಯಲ್ಲಿ ಸುತ್ತಿಡಿ.